ಪಾಲಿಸಿ ಒಂದು ಲಕ್ಷ ಡಾಲರಿನದು, ಕೈಗೆ ಬಂದದ್ದು 9,900: ತುಮಕೂರಿನ ಹಿರಿಯ ದಂಪತಿಯ ಹಡಗು ಪ್ರವಾಸ, ಒಂದು ಪ್ರಕರಣ ಅಧ್ಯಯನ

ಇಲ್ಲಿ ಬರುವ ದಂಪತಿ ಮಾದರಿ ಕುಟುಂಬ, ಪಾಲಿಸಿಯೂ ಮಾದರಿ. ಭಾರತದಲ್ಲಿ ಮಾರಾಟವಾಗುವ ವಿದೇಶ ಪ್ರಯಾಣ ವಿಮೆಗಳಲ್ಲಿ ಸಾಮಾನ್ಯವಾಗಿ ಸಿಗುವ ಷರತ್ತುಗಳನ್ನು ಒಂದೇ ಪ್ರವಾಸಕ್ಕೆ ಹಚ್ಚಿ ನೋಡಿದರೆ ಹಣ ಎಲ್ಲಿ ಸಿಗುತ್ತದೆ, ಎಲ್ಲಿ ಕೈತಪ್ಪುತ್ತದೆ ಎಂಬುದನ್ನು ಪೈಸೆ ಸಮೇತ ತೋರಿಸಲು ಈ ಪ್ರಕರಣ ಕಟ್ಟಿದ್ದೇವೆ. ಬಿಲ್ಲಿನ ಮೊತ್ತಗಳು ಮಾದರಿಯವು. ವೀಸಾ, ಒಂಬುಡ್ಸ್‌ಮನ್ (ವಿಮಾ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ), ಗ್ರಾಹಕ ಆಯೋಗದ ನಿಯಮಗಳು ಈಗ ಚಾಲ್ತಿಯಲ್ಲಿರುವವು. ಲೆಕ್ಕಕ್ಕೆ ಡಾಲರಿಗೆ 90 ರೂಪಾಯಿ ಹಿಡಿದಿದ್ದೇವೆ.

ಕುಟುಂಬ ಮತ್ತು ಪ್ರವಾಸ

ಯಜಮಾನರಿಗೆ 73 ವರ್ಷ. ಬ್ಯಾಂಕಿನಿಂದ ನಿವೃತ್ತರು, ತುಮಕೂರಿನ ಎಸ್‌ಐಟಿ ಬಡಾವಣೆಯಲ್ಲಿ ಸ್ವಂತ ಮನೆ. 2018ರಲ್ಲಿ ಹೃದಯದ ರಕ್ತನಾಳಕ್ಕೆ ಒಂದು ಸ್ಟೆಂಟ್ ಹಾಕಿಸಿಕೊಂಡಿದ್ದಾರೆ. ಬಿಪಿ ಇದೆ, ಶುಗರ್ ಇದೆ, ಎರಡೂ ಮಾತ್ರೆಯಲ್ಲೇ ಹತೋಟಿಯಲ್ಲಿವೆ. ಅವರ ಮನೆಯವರಿಗೆ 69. ಥೈರಾಯ್ಡ್ ಮಾತ್ರೆ, ಬಲಗಾಲಿಗೆ ಮಂಡಿ ಬದಲಾವಣೆ. ಮಗ ಬೆಂಗಳೂರಿನಲ್ಲಿ. ಅಮಾನಿಕೆರೆಯ ದಡದಲ್ಲಿ ಬೆಳಗಿನ ವಾಕಿಂಗ್‌ಗೆ ಸೇರುವ ನಿವೃತ್ತರ ಗುಂಪು ಒಟ್ಟಾಗಿ ಗ್ರೀಸಿಗೆ ಹೊರಟಿತು: ಸೆಪ್ಟೆಂಬರಿನಲ್ಲಿ ಹನ್ನೆರಡು ದಿನ, ಅದರಲ್ಲಿ ಏಳು ರಾತ್ರಿ ಹಡಗಿನಲ್ಲಿ. ಅಥೆನ್ಸಿನ ಪಿರೇಯಸ್ ಬಂದರಿನಲ್ಲಿ ಹತ್ತುವುದು, ಮಿಕೊನೊಸ್, ಕುಶಾದಸಿ, ರೋಡ್ಸ್, ಸ್ಯಾಂಟೊರಿನಿ ಸುತ್ತಿ ಮತ್ತೆ ಪಿರೇಯಸ್‌ನಲ್ಲಿ ಇಳಿಯುವುದು.

ಮನೆಯಲ್ಲಿ ಆಗಲೇ ವಿಮೆಗಳಿದ್ದವು. ನಿವೃತ್ತ ಬ್ಯಾಂಕ್ ನೌಕರರ ಗುಂಪು ವಿಮೆ ಒಂದು, ಅದರ ಮೇಲೆ ಖಾಸಗಿಯಾಗಿ ಕೊಂಡ ಹತ್ತು ಲಕ್ಷದ ಆರೋಗ್ಯ ವಿಮೆ ಇನ್ನೊಂದು. ಎರಡರ ವ್ಯಾಪ್ತಿಯೂ ಭಾರತದೊಳಗೆ ಮಾತ್ರ. 70 ದಾಟಿದವರಿಗೆಂದು ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಆರಂಭಿಸಿದ ಐದು ಲಕ್ಷದ ವಯ ವಂದನಾ ಕಾರ್ಡ್ ಕೂಡ ದೇಶದೊಳಗಿನ ನೋಂದಾಯಿತ ಆಸ್ಪತ್ರೆಗಳಿಗಷ್ಟೇ. ವಿಮಾನ ಹತ್ತಿದ ಮೇಲೆ ಇವು ಯಾವುವೂ ಉಪಯೋಗಕ್ಕೆ ಬರುವುದಿಲ್ಲ. "ನಮಗೆ ಇನ್ಶೂರೆನ್ಸ್ ಇದೆಯಲ್ಲ" ಎನ್ನುವ ಹಿರಿಯರಲ್ಲಿ ಬಹಳ ಜನ ನಂಬಿರುವುದು ಇಂಥವನ್ನೇ.

ಏಜೆಂಟರು ಕೊಟ್ಟ ಪಾಲಿಸಿ

"ಇನ್ಶೂರೆನ್ಸ್ ಪ್ಯಾಕೇಜಿನಲ್ಲೇ ಸೇರಿದೆ ಸಾರ್, ಅದಿಲ್ಲದೆ ವೀಸಾನೇ ಆಗಲ್ಲ" ಎಂದರು ಟೂರ್ ಏಜೆಂಟರು. ಮಾತು ನಿಜ. ಗ್ರೀಸ್ ಸೇರಿದಂತೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಕೂಟವೇ ಷೆಂಗೆನ್, ಅದರ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ತುರ್ತು ಚಿಕಿತ್ಸೆ, ಆಸ್ಪತ್ರೆ ವಾಸ, ತಾಯ್ನಾಡಿಗೆ ವಾಪಸ್ ಕರೆತರುವ ಖರ್ಚು, ಮೃತಪಟ್ಟರೆ ದೇಹ ತರುವ ಖರ್ಚು ಇವೆಲ್ಲ ಅದರಲ್ಲಿ ಇರಬೇಕು. ಏಜೆಂಟರ ಪಾಲಿಸಿ 50,000 ಡಾಲರಿನದು, ವೀಸಾಕ್ಕೆ ಸಾಕಾಯಿತು.

ಆದರೆ ಆ ಮೊತ್ತ ರಾಯಭಾರ ಕಚೇರಿ ತನ್ನ ಅಗತ್ಯಕ್ಕೆ ಇಟ್ಟುಕೊಂಡದ್ದು. ಅರ್ಜಿ ಹಾಕಿದವರ ವಯಸ್ಸು, ಕಾಯಿಲೆ, ಹಡಗಿನ ದಾರಿ ಇವನ್ನು ಅದು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಮಗ ಪಾಲಿಸಿಯ ಪೂರ್ತಿ ಪಠ್ಯ ತರಿಸಿಕೊಂಡು ಓದಿದ. ಒಂದು ಪುಟದ ಸರ್ಟಿಫಿಕೇಟ್ ಓದಿದ್ದರೆ ಮುಂದಿನದು ಯಾವುದೂ ಗೊತ್ತಾಗುತ್ತಿರಲಿಲ್ಲ. ವ್ಯಾಪ್ತಿಯ ಸಾಲಿನಲ್ಲಿ ಇದ್ದದ್ದು "ಷೆಂಗೆನ್ ರಾಷ್ಟ್ರಗಳು" ಅಷ್ಟೇ.

ಕುಶಾದಸಿ ಇರುವುದು ಟರ್ಕಿಯಲ್ಲಿ. ಟರ್ಕಿ ಷೆಂಗೆನ್ ಕೂಟದಲ್ಲಿ ಇಲ್ಲ. ಎಫೆಸಸ್‌ನ ಪುರಾತನ ನಗರ ನೋಡಲು ಇಡೀ ಗುಂಪು ಅಲ್ಲೇ ಇಳಿಯುವ ಕಾರ್ಯಕ್ರಮ. ಅಲ್ಲಿ ಮೆಟ್ಟಿಲು ಜಾರಿ ಕಾಲು ಮುರಿದರೂ ಈ ಪಾಲಿಸಿಯಿಂದ ಏನೂ ಸಿಗುತ್ತಿರಲಿಲ್ಲ. ಏಡ್ರಿಯಾಟಿಕ್ ಕಡೆ ಹೋಗುವ ಹಡಗುಗಳದ್ದೂ ಇದೇ ಕಥೆ: ಕ್ರೊಯೇಷಿಯಾದ ಡುಬ್ರೊವ್ನಿಕ್ 2023ರ ಜನವರಿಯಿಂದ ಷೆಂಗೆನ್ ಒಳಗೆ, ಪಕ್ಕದ ಮಾಂಟೆನೆಗ್ರೊದ ಕೊಟೊರ್ ಹೊರಗೆ. ಸಿಂಗಪುರದಿಂದ ಹೊರಡುವವರು "ಏಷ್ಯಾ" ಪಾಲಿಸಿ ತೆಗೆದುಕೊಳ್ಳುತ್ತಾರೆ, ಕೆಲವು ಏಷ್ಯಾ ಪಾಲಿಸಿಗಳಲ್ಲಿ ಜಪಾನ್ ಸೇರಿರುವುದಿಲ್ಲ. ಹಾಗಾಗಿ ಹಡಗು ನಿಲ್ಲುವ ಬಂದರುಗಳ ಪಟ್ಟಿಯನ್ನು ಪಾಲಿಸಿಯ ದೇಶಗಳ ಪಟ್ಟಿಯ ಪಕ್ಕದಲ್ಲಿಟ್ಟು ಒಂದೊಂದಾಗಿ ಟಿಕ್ ಹಾಕುತ್ತಾ ಹೋಗಬೇಕು. ಬಂದರುಗಳ ನಡುವಿನ ಸಮುದ್ರವೂ ವ್ಯಾಪ್ತಿಗೆ ಸೇರಿದೆಯೇ ಎಂದು ಕಂಪನಿಗೆ ಇಮೇಲ್ ಬರೆದು ಉತ್ತರ ತರಿಸಿಕೊಳ್ಳಬೇಕು. ಫೋನಿನಲ್ಲಿ ಹೇಳಿದ್ದು ಕ್ಲೇಮಿನ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಇದೇ ಓದಿನಲ್ಲಿ ವೀಸಾದ ಇನ್ನೊಂದು ವಿಷಯವೂ ಹೊರಬಿತ್ತು. ಕುಶಾದಸಿಗೆ ಹೋದರೆ ಷೆಂಗೆನ್‌ನಿಂದ ಹೊರಗೆ ಹೋದಂತೆ, ರೋಡ್ಸ್‌ಗೆ ಬಂದರೆ ಮತ್ತೆ ಒಳಗೆ. ಒಂದೇ ಪ್ರವೇಶದ ವೀಸಾ ಸಾಲದು.

ಎರಡನೇ ಪಾಲಿಸಿ: ಸರಿ ಮಾಡಿದ್ದು, ಬಿಟ್ಟದ್ದು

ಮಗ ಬೇರೆ ಪಾಲಿಸಿ ಕೊಂಡ. ಅಮೆರಿಕ ಮತ್ತು ಕೆನಡಾ ಬಿಟ್ಟು ಇಡೀ ಜಗತ್ತು, ಒಂದು ಲಕ್ಷ ಡಾಲರ್, ಹದಿನಾರು ದಿನ. ಹನ್ನೆರಡು ದಿನದ ಪ್ರವಾಸಕ್ಕೆ ಹದಿನಾರು ದಿನ ತೆಗೆದುಕೊಂಡದ್ದು ಜಾಣತನ. ಆಸ್ಪತ್ರೆಗೆ ಸೇರಿದವರು ವಾಪಸಾಗುವ ದಿನಾಂಕ ಯಾರ ಕೈಯಲ್ಲೂ ಇರುವುದಿಲ್ಲ. ಭಾರತ ಬಿಡುವ ಮೊದಲೇ ಕೊಂಡದ್ದೂ ಸರಿ, ಹೊರಟ ಮೇಲೆ ಕೊಂಡರೆ ಸಾಮಾನ್ಯವಾಗಿ ಪಾಲಿಸಿ ಊರ್ಜಿತವಾಗುವುದಿಲ್ಲ.

ಅರ್ಜಿಯಲ್ಲಿ ಸ್ಟೆಂಟ್, ಬಿಪಿ, ಶುಗರ್, ಥೈರಾಯ್ಡ್, ಮಂಡಿ ಎಲ್ಲ ಬರೆದ. "ಅದೆಲ್ಲ ಯಾಕೆ ಸಾರ್ ಬರೀತೀರಿ, ಪ್ರೀಮಿಯಂ ಜಾಸ್ತಿ ಆಗುತ್ತೆ" ಎಂಬ ಸಲಹೆಯೂ ಬಂದಿತ್ತು. ಈ ಸಲಹೆಯನ್ನು ಯಾರೂ, ಎಂದಿಗೂ ಕೇಳಬಾರದು. ಹಡಗಿನ ವೈದ್ಯರಾಗಲಿ ವಿದೇಶದ ಆಸ್ಪತ್ರೆಯಾಗಲಿ ಮೊದಲು ಕೇಳುವುದೇ ಹಳೆಯ ಕಾಯಿಲೆ ಏನು ಎಂದು. ಆಂಜಿಯೋಗ್ರಾಂ ಮಾಡಿದರೆ ಹಳೆಯ ಸ್ಟೆಂಟ್ ಪರದೆಯ ಮೇಲೆ ಕಾಣುತ್ತದೆ. ಡಿಸ್ಚಾರ್ಜ್ ಸಮ್ಮರಿಯ ಮೊದಲ ಸಾಲಿನಲ್ಲೇ ಅದು ಇರುತ್ತದೆ. ಅರ್ಜಿಯಲ್ಲಿ "ಇಲ್ಲ" ಎಂದು, ಸಮ್ಮರಿಯಲ್ಲಿ "2018ರಿಂದ ಇದೆ" ಎಂದು ಇದ್ದರೆ ಕಂಪನಿಗೆ ಇಡೀ ಕ್ಲೇಮು ತಿರಸ್ಕರಿಸಲು ಅಷ್ಟು ಸಾಕು. ದೇಶದ ಆರೋಗ್ಯ ವಿಮೆಯಲ್ಲಿ ಐದು ವರ್ಷ ಸತತ ನಡೆದ ಪಾಲಿಸಿಯನ್ನು, ವಂಚನೆ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ಪ್ರಶ್ನಿಸುವಂತಿಲ್ಲ ಎಂಬ ರಕ್ಷಣೆ ಇದೆ. ಪ್ರಯಾಣ ವಿಮೆ ಪ್ರತಿ ಪ್ರವಾಸಕ್ಕೂ ಹೊಸ ಕರಾರು, ಹಾಗಾಗಿ ಆ ಐದು ವರ್ಷ ಅಲ್ಲಿ ಕೂಡಿಬರುವುದೇ ಇಲ್ಲ.

ಮಗ ಪೂರ್ತಿ ಗಮನ ಕೊಡದೆ ಬಿಟ್ಟದ್ದು ಎರಡು ಕಡೆ. ಒಂದು, ಮೊದಲೇ ಇದ್ದ ಕಾಯಿಲೆಯ ಕಲಮು. ಬಹಳಷ್ಟು ಪ್ರಯಾಣ ವಿಮೆಗಳು ಹಳೆಯ ಕಾಯಿಲೆಯನ್ನೂ ಅದರಿಂದ ಹುಟ್ಟಿದ ತೊಂದರೆಯನ್ನೂ ಹೊರಗಿಡುತ್ತವೆ, "ಜೀವಕ್ಕೆ ಅಪಾಯವಾದಾಗ" ಮಾತ್ರ ಒಂದು ಮಿತಿಯವರೆಗೆ ಕೊಡುತ್ತವೆ. ಈ ಪಾಲಿಸಿಯಲ್ಲಿ ಆ ಮಿತಿ 10,000 ಡಾಲರ್. ಸರ್ಟಿಫಿಕೇಟಿನಲ್ಲಿ ಒಂದು ಲಕ್ಷ ದಪ್ಪ ಅಕ್ಷರದಲ್ಲಿತ್ತು, ಈ ಹತ್ತು ಸಾವಿರ ಪಠ್ಯದ ಒಳಪುಟದಲ್ಲಿತ್ತು. ಮಗ ಓದಿದ್ದ. ಆದರೆ ಅಪ್ಪನ ಮಟ್ಟಿಗೆ ಹೃದಯದ ವಿಷಯದಲ್ಲಿ ಪಾಲಿಸಿಯ ನಿಜವಾದ ಮೊತ್ತವೇ ಹತ್ತು ಸಾವಿರ ಎಂದು ಅವನಿಗೆ ಹೊಳೆಯಲಿಲ್ಲ.

ಇನ್ನೊಂದು, 60 ದಾಟಿದವರಿಗೆ ಹಲವು ಪಾಲಿಸಿಗಳು ಹಾಕುವ ಸಬ್ ಲಿಮಿಟ್‌ಗಳು. ಈ ಪಾಲಿಸಿಯಲ್ಲಿ ವಾರ್ಡಿಗೆ ದಿನಕ್ಕೆ 1,200 ಡಾಲರ್, ಐಸಿಯುಗೆ ದಿನಕ್ಕೆ 2,000, ಶಸ್ತ್ರಚಿಕಿತ್ಸೆ ಮತ್ತು ಪ್ರೊಸೀಜರ್‌ಗೆ 9,000, ಪರೀಕ್ಷೆಗಳಿಗೆ 1,000, ಆಂಬುಲೆನ್ಸಿಗೆ 400. ಒಟ್ಟು ಮೊತ್ತ ಎಷ್ಟೇ ದೊಡ್ಡದಿರಲಿ, ಒಂದೊಂದು ಬಾಬ್ತಿಗೂ ಇದೇ ಗರಿಷ್ಠ. ಪ್ರತಿ ಕ್ಲೇಮಿಗೆ ಮೊದಲ 100 ಡಾಲರ್ ಪ್ರಯಾಣಿಕರದ್ದು, ಇದೇ ಕಡಿತ.

ರಾತ್ರಿ ಎರಡೂವರೆ

ಹಡಗು ಮಿಕೊನೊಸ್ ಬಿಟ್ಟು ಕುಶಾದಸಿಯ ಕಡೆ ಸಾಗುತ್ತಿತ್ತು. ಯಜಮಾನರಿಗೆ ಎದೆ ಬಿಗಿತ, ಮೈತುಂಬ ಬೆವರು, ಎಡದವಡೆಯಲ್ಲಿ ನೋವು. ಅಜೀರ್ಣ ಇರಬಹುದೆಂದು ಅರ್ಧ ಗಂಟೆ ಕಾದರು. ಈ ಅರ್ಧ ಗಂಟೆ ಯಾರೂ ಕಾಯಬಾರದು, ಸ್ಟೆಂಟ್ ಇರುವವರಂತೂ ಖಂಡಿತ ಬೇಡ. ಅಮ್ಮನವರು ಕ್ಯಾಬಿನ್ ಫೋನಿನಿಂದ ತುರ್ತು ಸಂಖ್ಯೆಗೆ ಕರೆ ಮಾಡಿದರು. ಆ ಸಂಖ್ಯೆ ಫೋನಿನ ಮೇಲೇ ಅಂಟಿಸಿರುತ್ತದೆ, ಹತ್ತಿದ ದಿನವೇ ನೋಡಿಟ್ಟುಕೊಳ್ಳಬೇಕು. ಸಿಬ್ಬಂದಿ ಗಾಲಿಕುರ್ಚಿ ತಂದು ಕೆಳಗಿನ ಡೆಕ್ಕಿನ ವೈದ್ಯಕೀಯ ಕೇಂದ್ರಕ್ಕೆ ಒಯ್ದರು.

ದೊಡ್ಡ ಹಡಗುಗಳ ಈ ಕೇಂದ್ರಗಳಿಗೆ ಅಮೆರಿಕದ ತುರ್ತು ಚಿಕಿತ್ಸಾ ವೈದ್ಯರ ಸಂಘ (ಎಸಿಇಪಿ) ರೂಪಿಸಿದ ಮಾರ್ಗಸೂಚಿಗಳಿವೆ. ಇಸಿಜಿ, ಡಿಫಿಬ್ರಿಲೇಟರ್, ಆಮ್ಲಜನಕ, ರಕ್ತ ಹೆಪ್ಪು ಕರಗಿಸುವ ಔಷಧ, ತೀವ್ರ ನಿಗಾದ ಹಾಸಿಗೆ ಅಲ್ಲಿ ಇರುತ್ತವೆ. ಆಂಜಿಯೋಗ್ರಾಂ ಮಾಡುವ ಕ್ಯಾಥ್ ಲ್ಯಾಬ್ ಇರುವುದಿಲ್ಲ. ರೋಗಿಯನ್ನು ಸ್ಥಿರಗೊಳಿಸಿ ದಡ ಸೇರಿಸುವುದು ಅದರ ಕೆಲಸ. ಇಸಿಜಿಯಲ್ಲಿ ಬದಲಾವಣೆ ಕಂಡಿತು, ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಹೆಚ್ಚುವ ಟ್ರೊಪೊನಿನ್ ಏರಿತ್ತು. ಆಸ್ಪಿರಿನ್, ಹೆಪಾರಿನ್ ಕೊಟ್ಟು ಮಾನಿಟರಿಗೆ ಹಾಕಿದರು. ಮನೆಯಿಂದ ತಂದಿದ್ದ ಹಳೆಯ ಇಸಿಜಿ ಪ್ರತಿ ಮತ್ತು ಸ್ಟೆಂಟ್ ಕಾರ್ಡ್ ಇಲ್ಲಿ ತುಂಬ ಉಪಕಾರಕ್ಕೆ ಬಂತು. ಯಾವ ಬದಲಾವಣೆ ಹಳೆಯದು, ಯಾವುದು ಈ ರಾತ್ರಿಯದು ಎಂದು ವೈದ್ಯರು ನಿಮಿಷದಲ್ಲಿ ಹೋಲಿಸಿ ನೋಡಿದರು.

ತುಮಕೂರಿನಲ್ಲಾಗ ಬೆಳಗಿನ ಐದು. ಟರ್ಕಿ ನಮಗಿಂತ ಎರಡೂವರೆ ಗಂಟೆ ಹಿಂದೆ. ಹಡಗಿನ ವೈಫೈ ಮೂಲಕ ಅಮ್ಮನವರು ಮಗನಿಗೆ ವಾಟ್ಸಾಪ್ ಕರೆ ಮಾಡಿದರು. ವಿಮಾ ಕಂಪನಿಯ ಸಹಾಯವಾಣಿಗೆ ಕರೆ ಮಾಡಿದ್ದು ಮಗ, ಭಾರತದಿಂದಲೇ. ಇದನ್ನು ಮೊದಲೇ ಗೊತ್ತುಮಾಡಿಕೊಂಡು ಹೋಗಿದ್ದರು, ಒಳ್ಳೆಯ ಕೆಲಸ. ಪಾಲಿಸಿಯಲ್ಲಿ ಅಚ್ಚಾಗಿರುವ ಟೋಲ್ ಫ್ರೀ ಸಂಖ್ಯೆಗಳು ಸಮುದ್ರದ ಮಧ್ಯೆ ಕೆಲಸ ಮಾಡುತ್ತವೆಂದು ನಂಬುವಂತಿಲ್ಲ. ನಡುನೀರಿನಲ್ಲಿ ಫೋನು ಹಿಡಿಯುವುದು ಹಡಗಿನದೇ ಉಪಗ್ರಹ ಜಾಲವನ್ನು, ಸಾಮಾನ್ಯ ರೋಮಿಂಗ್ ಪ್ಯಾಕಿಗೆ ಅದು ಸೇರುವುದಿಲ್ಲ. ಮೊಬೈಲನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು ವೈಫೈ ಮಾತ್ರ ಬಳಸಬೇಕು, ಇಲ್ಲದಿದ್ದರೆ ಅದರದ್ದೇ ಒಂದು ಬಿಲ್ಲಾಗುತ್ತದೆ. ಮಗ ಕರೆಯ ಜೊತೆಗೆ ಇಮೇಲ್ ಕೂಡ ಕಳಿಸಿ ಕ್ಲೇಮಿನ ಉಲ್ಲೇಖ ಸಂಖ್ಯೆ ಪಡೆದ. ಹೆಚ್ಚಿನ ಪಾಲಿಸಿಗಳು ಆದಷ್ಟು ಬೇಗ, ಹಲವು 24 ಗಂಟೆಯೊಳಗೆ ತಿಳಿಸಲು ಹೇಳುತ್ತವೆ. ಇಮೇಲಿನ ಮೇಲಿನ ಸಮಯವೇ ಅದಕ್ಕೆ ಸಾಕ್ಷಿ.

ಹಡಗಿನ ಬಿಲ್ಲು

ಬಂದರು ಸೇರುವ ಹೊತ್ತಿಗೆ ಹಡಗಿನ ಬಿಲ್ಲು 4,100 ಡಾಲರ್: ರಾತ್ರಿ ಹೊತ್ತಿನ ತುರ್ತು ತಪಾಸಣೆ, ನಿಗಾ, ಪರೀಕ್ಷೆ, ಔಷಧ ಎಲ್ಲ ಸೇರಿ. ಹಡಗಿನಲ್ಲಿ ಕ್ಯಾಷ್‌ಲೆಸ್ ಇಲ್ಲ. ಊಟ, ಅಂಗಡಿ ಖರ್ಚು ಬರೆಯುವ ಅದೇ ಖಾತೆಗೆ ವೈದ್ಯಕೀಯ ಖರ್ಚೂ ಹೋಗುತ್ತದೆ, ಇಳಿಯುವ ಮೊದಲು ಖಾತೆ ಚುಕ್ತಾ ಆಗಬೇಕು. ಖಾತೆಗೆ ಜೋಡಿಸಿದ್ದು ಯಜಮಾನರ ಎರಡು ಲಕ್ಷ ಮಿತಿಯ ಕ್ರೆಡಿಟ್ ಕಾರ್ಡು. 4,100 ಡಾಲರ್ ಎಂದರೆ 3,69,000 ರೂಪಾಯಿ. ಕಾರ್ಡು ತಿರಸ್ಕೃತವಾಯಿತು. ಗುಂಪಿನ ಸ್ನೇಹಿತರೊಬ್ಬರ ಕಾರ್ಡು ಸೇರಿಸಿ ಕಟ್ಟಿದರು. ಅಂದು ಭಾನುವಾರ, ಹಾಗಾಗಿ ಫಾರೆಕ್ಸ್ ಕಾರ್ಡಿಗೆ ಹಣ ತುಂಬಿಸಲು ಮಗನಿಗೆ ಸೋಮವಾರದವರೆಗೆ ಕಾಯಬೇಕಾಯಿತು.

ಹೊರಡುವ ಮೊದಲು ಮಾಡಬಹುದಾಗಿದ್ದ ಕೆಲಸ ಸಣ್ಣದು: ಅಂತರರಾಷ್ಟ್ರೀಯ ಬಳಕೆಗೆ ತೆರೆದ, ಕನಿಷ್ಠ ಐದು ಲಕ್ಷ ಮಿತಿ ಇರುವ ಒಂದು ಕಾರ್ಡು, ಬ್ಯಾಂಕಿನ ಆ್ಯಪಿನಲ್ಲಿ ವಿದೇಶ ವಹಿವಾಟಿನ ಮಿತಿ ಏರಿಸಿಟ್ಟುಕೊಳ್ಳುವುದು, ಒಟಿಪಿ ಬರುವ ಸಂಖ್ಯೆ ಯಾರ ಕೈಯಲ್ಲಿದೆ ಎಂದು ನೋಡಿಕೊಳ್ಳುವುದು. ಕಾರ್ಡಿನ ವಿದೇಶಿ ವಿನಿಮಯ ಶುಲ್ಕ ಶೇಕಡಾ 3.5 ಎಂದರೂ ಅದರ ಜಿಎಸ್‌ಟಿ ಸೇರಿ ಈ ಒಂದು ಬಿಲ್ಲಿಗೇ ಸುಮಾರು 15,000 ರೂಪಾಯಿ. ವಿಮಾ ಕಂಪನಿ ಅದನ್ನು ಕೊಡುವುದಿಲ್ಲ.

ಹಡಗಿನಿಂದ ಇಳಿಯುವ ಮೊದಲು ಕೈಯಲ್ಲಿರಬೇಕಾದ ಕಾಗದ ಮೂರು: ವೈದ್ಯರ ಪೂರ್ಣ ವರದಿ, ಬಾಬ್ತುವಾರು ಬಿಲ್ಲು, ಹಣ ಕಟ್ಟಿದ ರಸೀದಿ. ವರದಿಯಲ್ಲಿ ವೈದ್ಯರ ಹೆಸರು, ಅರ್ಹತೆ, ನೋಂದಣಿ ಸಂಖ್ಯೆ ಇರಲೇಬೇಕು. ಇದಕ್ಕೆ ಕಾರಣವಿದೆ. ಪಾಲಿಸಿಯ ವ್ಯಾಖ್ಯಾನದಲ್ಲಿ "ಆಸ್ಪತ್ರೆ" ಎಂದರೆ ಆಯಾ ಸ್ಥಳದ ಕಾನೂನಿನಂತೆ ನೋಂದಾಯಿಸಿದ ಸಂಸ್ಥೆ. ಹಡಗಿನ ಕೇಂದ್ರ ಅದಕ್ಕೆ ಹೊಂದುತ್ತದೋ ಇಲ್ಲವೋ ಎಂಬ ಪ್ರಶ್ನೆ ಕಂಪನಿ ಎತ್ತಬಹುದು. ನೋಂದಾಯಿತ ವೈದ್ಯರು ಕೊಟ್ಟ ತುರ್ತು ಹೊರರೋಗಿ ಚಿಕಿತ್ಸೆ ಎಂದಾದರೂ ಒಪ್ಪಿಸಲು ಆ ಸಂಖ್ಯೆ ಬೇಕು. ಹಡಗು ದೂರ ಹೋದ ಮೇಲೆ ಇದನ್ನು ತರಿಸಿಕೊಳ್ಳಲು ವಾರಗಳು ಹಿಡಿಯುತ್ತವೆ.

ಕುಶಾದಸಿಯಲ್ಲಿ

ರೋಗಿಯನ್ನು ಇಳಿಸುವ ನಿರ್ಧಾರ ಹಡಗಿನ ವೈದ್ಯರದ್ದು ಮತ್ತು ಕ್ಯಾಪ್ಟನ್‌ರದ್ದು. "ಇನ್ನು ನಾಲ್ಕು ದಿನದಲ್ಲಿ ಅಥೆನ್ಸ್ ಬರುತ್ತೆ, ಅಲ್ಲೇ ತೋರಿಸಿಕೊಳ್ತೀವಿ" ಎಂದರೆ ನಡೆಯುವುದಿಲ್ಲ. ಬಂದರಿನಲ್ಲಿ ಹಡಗು ಕಂಪನಿಯ ಏಜೆಂಟ್ ಆಂಬುಲೆನ್ಸ್, ವಲಸೆ ಅಧಿಕಾರಿಗಳ ಕಾಗದಪತ್ರ ನೋಡಿಕೊಂಡರು. ಹಡಗಿನವರು ಹತ್ತುವಾಗ ಪಾಸ್‌ಪೋರ್ಟ್ ತೆಗೆದಿಟ್ಟುಕೊಂಡಿದ್ದರೆ ಈ ಗಡಿಬಿಡಿಯಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ. ಅಮ್ಮನವರೂ ಜೊತೆಗೆ ಇಳಿದರು. ಹಡಗು ಸಂಜೆ ಹೊರಟುಹೋಯಿತು.

ಖಾಸಗಿ ಆಸ್ಪತ್ರೆ 5,000 ಡಾಲರ್ ಮುಂಗಡ ಕೇಳಿತು. ವಿಮೆಯ ಸಹಾಯ ಸಂಸ್ಥೆ ಆಸ್ಪತ್ರೆಗೆ ಖಾತರಿ ಪತ್ರ ಕಳಿಸುವವರೆಗೆ ಏಳು ಗಂಟೆ ಹಿಡಿಯಿತು, ಅದೂ 10,000 ಡಾಲರಿಗೆ ಸೀಮಿತವಾಗಿ. ಅಂದೇ ಆಂಜಿಯೋಗ್ರಾಂ ಆಗಿ ಇನ್ನೊಂದು ನಾಳದಲ್ಲಿ ತಡೆ ಕಂಡು ಸ್ಟೆಂಟ್ ಹಾಕಿದರು. ಎರಡು ದಿನ ಐಸಿಯು, ಮೂರು ದಿನ ವಾರ್ಡು.

ಈ ಹಂತದಲ್ಲಿ ಕುಟುಂಬಗಳು ಮಾಡುವ ದುಬಾರಿ ತಪ್ಪು ಒಂದಿದೆ. ಗಾಬರಿಯಲ್ಲಿ ತಾವೇ ಏರ್ ಆಂಬುಲೆನ್ಸ್ ಮಾತಾಡಿ ಬೆಂಗಳೂರಿಗೆ ಕರೆತರಲು ಹೊರಡುವುದು. ಪಾಲಿಸಿಯಲ್ಲಿ ವೈದ್ಯಕೀಯ ಸ್ಥಳಾಂತರದ ಖರ್ಚು ಇದ್ದರೂ ಸಹಾಯ ಸಂಸ್ಥೆಯ ವೈದ್ಯರು ಅಗತ್ಯವೆಂದು ಒಪ್ಪಿ, ಅವರೇ ಏರ್ಪಾಡು ಮಾಡಿದರೆ ಮಾತ್ರ ಅದು ಸಲ್ಲುತ್ತದೆ. ಚಿಕಿತ್ಸೆ ಇರುವಲ್ಲೇ ಚೆನ್ನಾಗಿ ಸಿಗುವಂತಿದ್ದರೆ ಅವರು ಒಪ್ಪುವುದಿಲ್ಲ. ಇಲ್ಲಿ ಮಗ ಸುಮ್ಮನಿದ್ದದ್ದರಿಂದ ಹಲವು ಲಕ್ಷ ಉಳಿಯಿತು.

ಬಿಲ್ಲು ಮತ್ತು ಪರಿಹಾರ

ಡಾಲರಿನಲ್ಲಿ ಲೆಕ್ಕ ಹೀಗಿದೆ.

ಹಡಗಿನ ವೈದ್ಯಕೀಯ ಕೇಂದ್ರ: 4,100
ಆಂಬುಲೆನ್ಸ್: 350
ಐಸಿಯು, ಎರಡು ದಿನ, ದಿನಕ್ಕೆ 1,400: 2,800
ವಾರ್ಡು, ಮೂರು ದಿನ, ದಿನಕ್ಕೆ 600: 1,800
ಕ್ಯಾಥ್ ಲ್ಯಾಬ್ ಮತ್ತು ವೈದ್ಯರ ಶುಲ್ಕ: 6,500
ಸ್ಟೆಂಟ್: 1,200
ಪರೀಕ್ಷೆಗಳು: 1,450
ಔಷಧ: 500
ಒಟ್ಟು: 18,700, ಅಂದರೆ 16,83,000 ರೂಪಾಯಿ

ಕಂಪನಿ ಇಡೀ ಘಟನೆಯನ್ನು ಮೊದಲೇ ಇದ್ದ ಹೃದ್ರೋಗದಿಂದ ಬಂದ ಜೀವಾಪಾಯ ಎಂದು ಪರಿಗಣಿಸಿತು. ಮಿತಿ 10,000. ಅದರಿಂದ ಹಡಗಿನ ಚಿಕಿತ್ಸೆಗೊಂದು, ಆಸ್ಪತ್ರೆಗೊಂದು ಎಂದು ಎರಡು ಸಲ 100 ಕಳೆದು 9,800 ಎಂದು ಬರೆಯಿತು. ಒಂದೇ ಕಾಯಿಲೆ, ಒಂದೇ ಸರಣಿಯ ಚಿಕಿತ್ಸೆ, ಹಾಗಾಗಿ ಕಡಿತವೂ ಒಂದೇ ಎಂದು ಪಾಲಿಸಿಯ ಸಾಲನ್ನು ಉಲ್ಲೇಖಿಸಿ ಮಗ ಬರೆದ ಪತ್ರಕ್ಕೆ ಕಂಪನಿ ಒಪ್ಪಿತು. 9,900 ಆಯಿತು. ಕಡಿತವನ್ನು ಬಿಲ್ಲಿನಿಂದ ಮೊದಲು ಕಳೆದು ಆಮೇಲೆ ಮಿತಿ ಹಚ್ಚುವ ಪಾಲಿಸಿಯಾಗಿದ್ದರೆ ಪೂರ್ತಿ 10,000 ಬರುತ್ತಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂಬುದೂ ಪಠ್ಯದಲ್ಲೇ ಇರುತ್ತದೆ.

ಕುಟುಂಬದ ಕೈಯಿಂದ ಹೋದದ್ದು 8,800 ಡಾಲರ್, 7,92,000 ರೂಪಾಯಿ. ಇದರ ಮೇಲೆ ಅಮ್ಮನವರ ಹೋಟೆಲ್, ಹೊಸ ವಿಮಾನ ಟಿಕೆಟ್, ಕಾರ್ಡಿನ ಶುಲ್ಕ. ಪ್ರವಾಸ ಅರ್ಧಕ್ಕೆ ನಿಂತರೆ ಪರಿಹಾರ ಕೊಡುವ ಕಲಮು ಪಾಲಿಸಿಯಲ್ಲಿತ್ತು, ಆದರೆ ಹಳೆಯ ಕಾಯಿಲೆಯಿಂದ ನಿಂತರೆ ಅದು ಅನ್ವಯಿಸುವುದಿಲ್ಲ ಎಂಬ ಸಾಲೂ ಅದರ ಕೆಳಗಿತ್ತು. ಹಡಗಿನಲ್ಲಿ ಉಳಿದ ರಾತ್ರಿಗಳ ಹಣ ವಾಪಸ್ ಬರಲಿಲ್ಲ.

ಈಗ ಇದೇ ಬಿಲ್ಲನ್ನು ಬೇರೆ ಪಾಲಿಸಿಗಳಿಗೆ ಹಚ್ಚಿ ನೋಡೋಣ. ಏಜೆಂಟರು ಕೊಟ್ಟಿದ್ದ ಪಾಲಿಸಿಯೊಂದೇ ಇದ್ದಿದ್ದರೆ ಟರ್ಕಿಯ 14,600 ಡಾಲರಿಗೆ ಸೊನ್ನೆ, ಹಳೆಯ ಕಾಯಿಲೆ ಪೂರ್ತಿ ಹೊರಗಿದ್ದುದರಿಂದ ಹಡಗಿನ 4,100ಕ್ಕೂ ಸೊನ್ನೆ. ಘೋಷಿಸಿದ ಹಳೆಯ ಕಾಯಿಲೆಯ ತುರ್ತಿಗೆ ಪೂರ್ತಿ ವಿಮಾ ಮೊತ್ತವನ್ನೇ ಕೊಡುವ ಪಾಲಿಸಿ ಆಗಿದ್ದು, ಸಬ್ ಲಿಮಿಟ್ ಇವೇ ಇದ್ದಿದ್ದರೆ? ಪರೀಕ್ಷೆಯ 1,450ರಲ್ಲಿ 1,000 ಮಾತ್ರ ಸಿಗುತ್ತಿತ್ತು, ಉಳಿದ ಬಾಬ್ತುಗಳೆಲ್ಲ ಮಿತಿಯೊಳಗೆ. 100 ಕಡಿತ. ಕೈಗೆ 18,150 ಬಂದು, ಕುಟುಂಬದ ಪಾಲು 550 ಡಾಲರ್, 49,500 ರೂಪಾಯಿ. ಏಳೂವರೆ ಲಕ್ಷಕ್ಕೂ ಹತ್ತಿರದ ವ್ಯತ್ಯಾಸ, ಒಂದೇ ಒಂದು ಕಲಮಿನಿಂದ. ವಿಮಾ ಮೊತ್ತವನ್ನು ಒಂದು ಲಕ್ಷದಿಂದ ಐದು ಲಕ್ಷ ಡಾಲರಿಗೆ ಏರಿಸಿ, ಈ ಕಲಮನ್ನು ಹಾಗೇ ಬಿಟ್ಟಿದ್ದರೆ ಒಂದು ಡಾಲರೂ ಹೆಚ್ಚು ಬರುತ್ತಿರಲಿಲ್ಲ. 70 ದಾಟಿದವರಿಗೆ ಪಾಲಿಸಿ ಹುಡುಕುವಾಗ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಅಂಥ ಪಾಲಿಸಿ 73ರ ಸ್ಟೆಂಟ್ ರೋಗಿಗೆ ಎಲ್ಲ ಕಡೆ ಸಿಗುವುದಿಲ್ಲ. ಕೆಲವು ಕಂಪನಿಗಳು ವೈದ್ಯಕೀಯ ಪರೀಕ್ಷೆ ಕೇಳುತ್ತವೆ, ಕೆಲವು ನಿರಾಕರಿಸುತ್ತವೆ. ಅದಕ್ಕೇ ಹೊರಡುವ ಹಿಂದಿನ ವಾರ ಹುಡುಕಿದರೆ ಆಗದು, ಟಿಕೆಟ್ ಕಾಯ್ದಿರಿಸುವ ಮೊದಲೇ ಕೇಳಬೇಕು. ಸಿಗದಿದ್ದರೆ ಹಳೆಯ ಕಾಯಿಲೆಯ ಮಿತಿ ಹೆಚ್ಚಿರುವ ಪಾಲಿಸಿಯನ್ನು ಆರಿಸಿ, ಮಿತಿ ದಾಟಿದ ಪಾಲಿಗೆ ಕೈಯಲ್ಲಿ ಹಣ ಇಟ್ಟುಕೊಂಡು ಹೊರಡುವುದು. ಅಲಾಸ್ಕ, ಕೆರಿಬಿಯನ್ ಕಡೆಯ ಹಡಗಾದರೆ ಅಮೆರಿಕದ ಆಸ್ಪತ್ರೆ ದರ ಅನ್ವಯಿಸುತ್ತದೆ. ಅಲ್ಲಿಗೆ ಅಮೆರಿಕ ಸೇರಿದ ಪಾಲಿಸಿ ಬೇಕು, ಸಬ್ ಲಿಮಿಟ್ ಇಲ್ಲದಿರುವುದು ಬಹಳ ಮುಖ್ಯ. ಹಳೆಯ ಕಾಯಿಲೆಗೆ ಹತ್ತು ಸಾವಿರದ ಮಿತಿ ಇಟ್ಟುಕೊಂಡು ಆ ಕಡೆ ಹೃದ್ರೋಗಿಗಳು ಹೋಗಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಅಮ್ಮನವರ ವಿಷಯ ಬೇರೆ. ಸ್ಯಾಂಟೊರಿನಿಯಲ್ಲಿ ದೊಡ್ಡ ಹಡಗು ದಡಕ್ಕೆ ಹತ್ತುವುದಿಲ್ಲ, ಸಣ್ಣ ದೋಣಿಗೆ ಇಳಿದು ಹೋಗಬೇಕು. ಅಲ್ಲಿ ಕಾಲುಜಾರಿ ಸೊಂಟದ ಮೂಳೆ ಮುರಿದಿದ್ದರೆ ಅದು ಅಪಘಾತ, ಹಳೆಯ ಕಾಯಿಲೆ ಅಲ್ಲ, ಪೂರ್ತಿ ಒಂದು ಲಕ್ಷ ಡಾಲರ್ ಲಭ್ಯ. ಆಗ ಕಾಡುವುದು ಶಸ್ತ್ರಚಿಕಿತ್ಸೆಯ 9,000ದ ಸಬ್ ಲಿಮಿಟ್. ಒಂದೇ ಪಾಲಿಸಿಯಲ್ಲಿ ಗಂಡನಿಗೆ ಒಂದು ಕಲಮು, ಹೆಂಡತಿಗೆ ಇನ್ನೊಂದು ಕಲಮು ಅಡ್ಡ ಬರುತ್ತದೆ, ಇಬ್ಬರಿಗೂ ಬೇರೆ ಬೇರೆಯಾಗಿ ಓದಬೇಕು.

ದೂರಿನ ದಾರಿ

10,000 ಮಿತಿಯನ್ನು ಪ್ರಶ್ನಿಸಬಹುದಿತ್ತೇ? ನಮ್ಮ ಅಭಿಪ್ರಾಯದಲ್ಲಿ ಇಲ್ಲ. ಕಾಯಿಲೆ ಘೋಷಿತ, ಕಲಮು ಸ್ಪಷ್ಟ. ಕಡಿತದ ವಿಷಯದಲ್ಲಿ ಹಾಗಲ್ಲ, ಅಲ್ಲಿ ಕಂಪನಿ ತನ್ನದೇ ಸಾಲನ್ನು ಮೀರಿತ್ತು. ಕಂಪನಿ "ಇದು ಜೀವಾಪಾಯವೇ ಆಗಿರಲಿಲ್ಲ" ಎಂದೋ "ಹಡಗಿನ ಚಿಕಿತ್ಸೆ ಸಲ್ಲದು" ಎಂದೋ ತಿರಸ್ಕರಿಸಿದ್ದರೆ ಆಗ ಹೋರಾಡಲು ಗಟ್ಟಿ ನೆಲೆ ಇರುತ್ತಿತ್ತು. ಟ್ರೊಪೊನಿನ್ ವರದಿ, ಇಸಿಜಿ, ಹಡಗಿನ ವೈದ್ಯರು ಇಳಿಸಲು ಬರೆದ ಟಿಪ್ಪಣಿ ಈ ಮೂರೇ ಅದಕ್ಕೆ ಪುರಾವೆ.

ಮೊದಲ ದೂರು ಕಂಪನಿಯ ಕುಂದುಕೊರತೆ ಅಧಿಕಾರಿಗೆ, ಬರವಣಿಗೆಯಲ್ಲಿ. ವಿಮಾ ಕಂಪನಿಗಳ ಮೇಲ್ವಿಚಾರಣಾ ಪ್ರಾಧಿಕಾರವಾದ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ಅಥವಾ 155255 ಸಂಖ್ಯೆಯಲ್ಲಿಯೂ ದಾಖಲಿಸಬಹುದು. ಕಂಪನಿ ತಿರಸ್ಕರಿಸಿದರೆ, ಇಲ್ಲವೇ ಒಂದು ತಿಂಗಳು ಉತ್ತರಿಸದಿದ್ದರೆ ವಿಮಾ ಒಂಬುಡ್ಸ್‌ಮನ್. ಕರ್ನಾಟಕಕ್ಕೆ ಇರುವ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ, ಆನ್‌ಲೈನ್ ದೂರಿಗೂ ಅವಕಾಶವಿದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು, 50 ಲಕ್ಷ ರೂಪಾಯಿವರೆಗಿನ ಪರಿಹಾರ ಅವರು ಕೊಡಿಸಬಹುದು, ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಹಾಗಾಗಿ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗದ ದಾರಿಯೂ ಇದೆ, ಅವಧಿ ಎರಡು ವರ್ಷ. ಗ್ರಾಹಕ ಆಯೋಗದಲ್ಲಿ ಪ್ರಕರಣ ಇರುವಾಗ ಅದೇ ವಿಷಯವನ್ನು ಒಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಯಾವ ಬಾಗಿಲು ಮೊದಲು ತಟ್ಟಬೇಕೆಂದು ಯೋಚಿಸಿ ಹೆಜ್ಜೆ ಇಡಬೇಕು.

ವಾಪಸ್ ಬಂದ ಮೇಲೆ

ಹೃದಯಾಘಾತವಾದ ಸ್ವಲ್ಪ ದಿನಕ್ಕೇ ವಿಮಾನ ಹತ್ತಲು ವೈದ್ಯರ ಪ್ರಮಾಣಪತ್ರ ಬೇಕಾಗುತ್ತದೆ, ವಿಮಾನ ಸಂಸ್ಥೆಗೆ ಅದರದ್ದೇ ವೈದ್ಯಕೀಯ ನಮೂನೆ ಇರುತ್ತದೆ. ಅದನ್ನು ಆಸ್ಪತ್ರೆ ಬಿಡುವ ಮೊದಲೇ ತುಂಬಿಸಿಕೊಂಡರು. ಡಿಸ್ಚಾರ್ಜ್ ಸಮ್ಮರಿ ಟರ್ಕಿ ಭಾಷೆಯಲ್ಲಿತ್ತು. ಇಂಗ್ಲಿಷ್ ಪ್ರತಿಯನ್ನು ಆಸ್ಪತ್ರೆಯ ಮೊಹರಿನ ಸಮೇತ ಕೇಳಿ ಪಡೆದದ್ದರಿಂದ ಇಲ್ಲಿ ಅನುವಾದಕ್ಕೆ ಅಲೆಯುವುದು ತಪ್ಪಿತು. ಕ್ಲೇಮಿಗೆ ಇವುಗಳ ಜೊತೆ ಹೋದದ್ದು: ಪಾಸ್‌ಪೋರ್ಟಿನಲ್ಲಿ ನಿರ್ಗಮನ, ಪ್ರವೇಶದ ಮುದ್ರೆ ಇರುವ ಪುಟಗಳು, ಬೋರ್ಡಿಂಗ್ ಪಾಸ್, ಕಾರ್ಡಿನ ಸ್ಟೇಟ್‌ಮೆಂಟ್, ಕಾರ್ಡು ಕೊಟ್ಟ ಸ್ನೇಹಿತರಿಗೆ ಹಣ ಮರಳಿಸಿದ ಬ್ಯಾಂಕ್ ದಾಖಲೆ, 2018ರ ಸ್ಟೆಂಟಿನ ಕಾಗದಗಳು, ರದ್ದು ಮಾಡಿದ ಚೆಕ್ಕು. ಮೂಲ ಪ್ರತಿ ಕಳಿಸುವ ಮೊದಲು ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟರು.

ಊರಿಗೆ ಬಂದ ಮೇಲಿನ ತಪಾಸಣೆ, ಮಾತ್ರೆಗಳಿಗೆ ಹತ್ತು ಲಕ್ಷದ ದೇಶೀಯ ವಿಮೆಯಿಂದ ಆಸ್ಪತ್ರೆ ನಂತರದ ಖರ್ಚು ಎಂದು ಕೇಳಿದರು, ಸಿಗಲಿಲ್ಲ. ಆ ಸೌಲಭ್ಯ ಸಿಗುವುದು ಅದೇ ಪಾಲಿಸಿಯಡಿ ಒಪ್ಪಿಗೆಯಾದ ಆಸ್ಪತ್ರೆ ವಾಸಕ್ಕೆ, ಕುಶಾದಸಿಯದ್ದು ಆ ಪಾಲಿಸಿಗೆ ಸೇರಿದ್ದಲ್ಲ. ಮುಂದೆ ಇಲ್ಲೇ ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಟರ್ಕಿಯ ಆಂಜಿಯೋಗ್ರಾಂ ಸಿ.ಡಿ. ಮತ್ತು ಹೊಸ ಸ್ಟೆಂಟಿನ ಕಾರ್ಡು ವೈದ್ಯರಿಗೆ ಬೇಕಾಗುತ್ತದೆ. ಮತ್ತೊಮ್ಮೆ ವಿದೇಶಕ್ಕೆ ಹೊರಟರೆ ಪಾಲಿಸಿ ಅರ್ಜಿಯಲ್ಲಿ ಎರಡೂ ಸ್ಟೆಂಟ್‌ಗಳನ್ನು, ಹಾಕಿದ ತಿಂಗಳು ಮತ್ತು ವರ್ಷದ ಸಮೇತ ಬರೆಯಬೇಕು.